ಆಯ್ತಾ ಮೇಡಂ

ಹೆತ್ತವರು ಇಟ್ಟ ಹೆಸರು ಆಫೀಸಿನಲ್ಲಿ ಯಾರ ನಾಲಿಗೆಯ ಮೇಲೂ ಉಳಿದಿರಲಿಲ್ಲ. ಬೆನ್ನ ಹಿಂದೆ ಎಲ್ಲರಿಗೂ ಅವಳು 'ಆಯ್ತಾ ಮೇಡಂ'. ಯಾರಿಗಾದರೂ ಕೆಲಸ ಹೇಳಿದರೆ ಅವರ ಕುರ್ಚಿಯ ಹಿಂದೆಯೇ ಕೈಕಟ್ಟಿ ನಿಂತು, ಎರಡು ನಿಮಿಷಕ್ಕೊಮ್ಮೆ "ಆಯ್ತಾ?" ಎನ್ನುವ ಮಹಾತಾಯಿ. ಮನೆಯಲ್ಲೂ ಅಷ್ಟೇ. ಗಂಡ ಗ್ಯಾಸ್ ಆರಿಸಿದೆ ಎಂದರೂ ತಾನೇ ಹೋಗಿ ತಿರುವಿ ನೋಡಬೇಕು.

"ನನ್ನ ಮಾತಿಗೆ ಈ ಮನೇಲಿ ಮೂರು ಕಾಸಿನ ಬೆಲೆ ಇಲ್ಲ."

"ನಿಮ್ಮ ಮಾತು ಗ್ಯಾಸಿಗೆ ಅರ್ಥ ಆಗಲ್ಲ ಕಣ್ರೀ."

ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ರೋಗಿಯ ಉಸಿರು, ನಾಡಿ ತೋರಿಸುವ ಮಾನಿಟರಿನ ಕರ್ನೆಲ್, ಅಂದರೆ ಯಂತ್ರದೊಳಗೆ ಯಜಮಾನಿಕೆ ಮಾಡುವ ಪ್ರೋಗ್ರಾಂ, ಅವಳ ಕೈಯಲ್ಲಿತ್ತು. ಹೊಸ ಮಾಡೆಲ್ ಪರೀಕ್ಷೆಯ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತುಬಿಡುತ್ತಿತ್ತು. ಅವಳ ಅನುಮಾನವೆಲ್ಲ ಮೀಸೆಯವರ ಮೇಲೆ. ದಪ್ಪ ಮೀಸೆಯಿಂದಲೇ ಆ ಹೆಸರು ಬಂದಿದ್ದ, ಐವತ್ತು ದಾಟಿದ ಪ್ರೋಗ್ರಾಮರ್, ಸೇರಿ ಎರಡು ತಿಂಗಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವಳು ಹತ್ತಿರ ಬಂದರೆ ಸಾಕು, ಪರದೆಯ ಮೇಲಿದ್ದದ್ದನ್ನು ತಟ್ಟನೆ ಮುಚ್ಚುತ್ತಿದ್ದರು. ತಪ್ಪು ಮಾಡದವನು ಯಾಕೆ ಮುಚ್ಚಬೇಕು? ಮೂರು ದಿನದಿಂದ "ಮೇಡಂ, ಒಂದು ಮಾತು" ಎಂದು ಹಿಂದೆ ಮುಂದೆ ಸುತ್ತುವುದು ಬೇರೆ. ಬೆಣ್ಣೆ ಹಚ್ಚಲು ಬಂದಿದ್ದಾನೆ ಅಂದುಕೊಂಡಳು.

"ಮೊದ್ಲು ನಾನು ಹೇಳಿದ್ದು ಆಯ್ತಾ?" ಎಂದು ಪ್ರತಿ ಸಲವೂ ಬಾಯಿ ಮುಚ್ಚಿಸಿದಳು.

ಶುಕ್ರವಾರ ಬೆಳಿಗ್ಗೆ ಪ್ರೋಗ್ರಾಮಿನಲ್ಲಿ ಯಂತ್ರ ನಿಲ್ಲುವ ಸಾಲು ಕೊನೆಗೂ ಸಿಕ್ಕಿತು. ಯಾವ ಸಾಲು ಯಾರದು ಎಂದು ತೋರಿಸುವ ದಾಖಲೆ ತೆರೆದಳು. ಸಾಲು ಸಾಲಿಗೂ ಮೀಸೆಯವರ ಹೆಸರು! ಅಬ್ಬಾ, ಸಿಕ್ಕಿಬಿದ್ದ! ನೆಟ್ಟಗೆ ಮ್ಯಾನೇಜರ ಕೋಣೆಗೆ ನಡೆದಳು.

"ಖಂಡಿತಾನಾ?" ಎಂದರು ಮ್ಯಾನೇಜರು.

"ಹೆಸರೇ ಇದೆ ಸರ್."

"ಹಾಗಾದ್ರೆ ಇವತ್ತೇ ಕಳಿಸಿಬಿಡ್ತೀನಿ."

ವಾಪಸು ಬಂದು ಆ ಸಾಲನ್ನು ನಿಧಾನವಾಗಿ ಓದಿದಳು. ಹೊಸ ಯಂತ್ರದಲ್ಲಿ ಪ್ರೊಸೆಸರುಗಳು ನಾಲ್ಕು. ಕೆಲವು ಕೆಲಸ ಇಂಥದೇ ಪ್ರೊಸೆಸರಿನಲ್ಲಿ ಆಗಬೇಕು. ಆಗ ಒಂದು ಇನ್ನೊಂದಕ್ಕೆ ಗಂಟೆ ಬಾರಿಸಿ, ಈ ಕೆಲಸ ಮಾಡು ಎನ್ನುತ್ತದೆ. ಸಾಲಿನ ಕೊನೆಯಲ್ಲಿ ಸೊನ್ನೆ ಬರೆದರೆ, ಹೇಳಿ ತನ್ನ ಪಾಡಿಗೆ ತಾನು ಹೋಗುತ್ತದೆ. ಒಂದು ಎಂದು ಬರೆದರೆ, ಮುಗಿಯುವವರೆಗೂ ನಿಂತು ಕಾಯುತ್ತದೆ. ಇಲ್ಲಿ ಒಂದು ಎಂದಿತ್ತು. ಸಾಲದ್ದಕ್ಕೆ ಆ ಪ್ರೊಸೆಸರ್ ತನಗೆ ಬರುವ ಗಂಟೆ ಕೇಳಿಸದಂತೆ ಕಿವಿ ಮುಚ್ಚಿಕೊಂಡು ಕಾಯುತ್ತಿತ್ತು. ಅದೇ ಗಳಿಗೆಯಲ್ಲಿ ಆ ಇನ್ನೊಂದೂ ಕಿವಿ ಮುಚ್ಚಿಕೊಂಡು ಇದಕ್ಕೇ ಕೆಲಸ ಹೇಳಿ ನಿಂತರೆ ಮುಗಿದೇ ಹೋಯಿತು. ಎರಡೂ ಆಯ್ತಾ, ಆಯ್ತಾ ಎನ್ನುತ್ತ ನಿಂತಲ್ಲೇ ನಿಂತಿರುತ್ತವೆ.

ಅವಳಿಗೆ ಈಗ ದಾಖಲೆಯ ಮೇಲೂ ಅನುಮಾನ ಬಂತು. ಒಂದು ಪದರ ಹಿಂದಕ್ಕೆ ಹೋದಳು. ಮೀಸೆಯವರು ಮಾಡಿದ್ದು ಇಷ್ಟೇ: ಸಾಲುಗಳ ಓರೆಕೋರೆಯಾಗಿದ್ದ ಅಂಚುಗಳನ್ನು ನೇರ ಮಾಡಿದ್ದರು. ದಾಖಲೆ ತೋರಿಸುವುದು ಕೊನೆಗೆ ಮುಟ್ಟಿದವರ ಹೆಸರನ್ನು, ಹಾಗಾಗಿ ಸಾಲುಗಳಿಗೆಲ್ಲ ಅವರ ಹೆಸರು ಅಂಟಿತ್ತು. ಅದರಡಿಯಲ್ಲಿ, ನಾಲ್ಕು ವರ್ಷದ ಹಿಂದಿನ ತಾರೀಖು. ಬರೆದವಳು ಅವಳೇ. ಹಳೆಯ ಯಂತ್ರದಲ್ಲಿ ಇದ್ದದ್ದು ಒಂದೇ ಪ್ರೊಸೆಸರ್, ಕಾಯಲು ಇನ್ನೊಂದಿರಲಿಲ್ಲ. ತಪ್ಪು ತೆಪ್ಪಗೆ ಮಲಗಿತ್ತು.

ಸದ್ದಿಲ್ಲದೆ ತಿದ್ದಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಸುಳ್ಳೇಕೆ ಹೇಳಲಿ, ಆ ಯೋಚನೆಯೂ ಬಂತು. ಅಷ್ಟರಲ್ಲಿ ಆಚೆ ಮೇಜಿನಲ್ಲಿ ಮೀಸೆಯವರು ಡ್ರಾಯರಿನಿಂದ ಕನ್ನಡಕದ ಡಬ್ಬಿ, ಮಾತ್ರೆಯ ಚೀಟಿ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದದ್ದು ಕಾಣಿಸಿತು. ಎದ್ದವಳೇ ಮ್ಯಾನೇಜರ ಬಳಿ ಓಡಿದಳು.

"ಬಾಯಿ ಮಾತು ಬೇಡ," ಎಂದರು ಅವರು. "ತಪ್ಪು ನಿಮ್ದು ಅಂತ ಬರ್ದು ಕಳಿಸಿ. ಅದು ಬಂದ್ಮೇಲೇ ಅವರನ್ನ ಉಳಿಸ್ಕೊಳ್ಳೋ ಮಾತು."

ಬರೆಯಲು ಕೂತಳು. ಮೊದಲ ಸಾಲನ್ನೇ ಮೂರು ಸಲ ಅಳಿಸಿದಳು. ಹಿಂದೆ ಯಾರೋ ಬಂದು ನಿಂತಂತಾಗಿ ಕತ್ತು ಬಿಸಿಯಾಯಿತು. ಅವಳ ಕೈ ತಾನಾಗಿಯೇ ಪರದೆ ಮುಚ್ಚಲು ಹೋಯಿತು.

"ಆ ಸಾಲಿನ ವಿಷಯಾನೇ ಮೇಡಂ, ಮೂರು ದಿನದಿಂದ ಹೇಳೋಕೆ ಬರ್ತಿದ್ದದ್ದು," ಎಂದರು ಮೀಸೆಯವರು. ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವರು ಕೈಕಟ್ಟಿಕೊಂಡರು.

"ಆಯ್ತಾ?"