ಉಪದೇಶಿ ರತ್ನಪ್ಪನ ಮೇಲೆ ನಾನು ಬರೆದ ದೂರು

ಕೊರೊನಾ ಮುಗಿದು ಚರ್ಚುಗಳು ಮತ್ತೆ ತುಂಬತೊಡಗಿದ ವರ್ಷ ನಾನು ಮುಳಬಾಗಿಲಿನ ಒಂದು ಸಣ್ಣ ಸಭೆಗೆ ಪಾದ್ರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೈರಕೂರು ಕಡೆಯ ಮನೆಗಳನ್ನು ಉಪದೇಶಿ ರತ್ನಪ್ಪ ನೋಡಿಕೊಳ್ಳುತ್ತಿದ್ದ. ಉಪದೇಶಿ ಎಂದರೆ ಪಾದ್ರಿಯ ದೀಕ್ಷೆ ಪಡೆಯದೆ, ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬೈಬಲಿನ ವಾಕ್ಯ ಹೇಳುವವನು. ಬೆಳಿಗ್ಗೆ ಟೊಮೆಟೊ ತೋಟ, ಸಂಜೆ ಪ್ರಾರ್ಥನೆ. ಓದಿದ್ದು ಏಳನೇ ಕ್ಲಾಸು.

ನಾನು ದೇವತಾಶಾಸ್ತ್ರದ ಬಿ.ಡಿ. ಪದವೀಧರ, ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್ ಬೇರೆ ಬರುತ್ತಿತ್ತು. ನನ್ನ ಪ್ರಸಂಗಕ್ಕೆ ಜನ ಗಡಿಯಾರ ನೋಡುತ್ತಿದ್ದರು. ಅವನು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ನಾಲ್ಕು ಮಾತಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೇ ಜ್ವರ ಬಂದಾಗ ನನ್ನ ಹೆಂಡತಿ, "ರತ್ನಪ್ಪನ್ನ ಕರೀಲಾ? ಬಂದು ಪ್ರಾರ್ಥನೆ ಮಾಡ್ಲಿ" ಅಂದಳು. ಜ್ವರ ಎರಡು ದಿನದಲ್ಲಿ ಇಳಿಯಿತು, ಆ ಮಾತಿನ ಉರಿ ಇಳಿಯಲಿಲ್ಲ.

ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಏಳು ಜನ ವಿವರಿಸುವುದು ನಮ್ಮ ಪದ್ಧತಿ. ತನ್ನನ್ನು ಕೊಲ್ಲುವವರನ್ನು ಕ್ಷಮಿಸೆಂದು ತಂದೆಯನ್ನು ಬೇಡುವ ಮೊದಲ ಮಾತು ಯಾವತ್ತೂ ಪಾದ್ರಿಯದು. ಆ ಸಲ ಸಭೆಯ ಹಿರಿಯರೊಬ್ಬರು ಬಂದು, "ಅಯ್ನೋರೇ, ಮೊದಲನೇ ಮಾತು ರತ್ನಪ್ಪನಿಗೆ ಕೊಟ್ಬಿಡಿ. ಜನ ಆಸೆ ಪಡ್ತಾವ್ರೆ" ಎಂದರು. ನಗುತ್ತಲೇ ಒಪ್ಪಿದೆ. ಅವರು ಗೇಟು ದಾಟುವ ಮೊದಲೇ ಲ್ಯಾಪ್‌ಟಾಪ್ ತೆರೆದೆ.

ರತ್ನಪ್ಪ ತಪ್ಪು ಬೋಧನೆ ಮಾಡುತ್ತಾನೆ, ಸಭೆಯನ್ನು ಒಡೆಯುತ್ತಿದ್ದಾನೆ ಎಂದು ಮೇಲಧಿಕಾರಿಗಳಿಗೆ ಬರೆದೆ. ಎರಡೂ ಶುದ್ಧ ಸುಳ್ಳು. ಈಸ್ಟರ್ ಕಳೆದ ಕೂಡಲೇ ಅವನನ್ನು ಸೇವೆಯಿಂದ ಬಿಡಿಸುತ್ತೇವೆ ಎಂದು ಉತ್ತರ ಬಂತು. ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡೆ.

ಶುಕ್ರವಾರ ಶಿಲುಬೆಯ ವೃತ್ತಾಂತವನ್ನು ಓದಲು ನಿಂತೆ. ಯೇಸುವನ್ನು ರಾಜ್ಯಪಾಲ ಪಿಲಾತನ ಮುಂದೆ ನಿಲ್ಲಿಸಿದ ಭಾಗ. ದೇವಾಲಯದ ಯಾಜಕರು ಆತನನ್ನು ಹಿಡಿದುಕೊಟ್ಟದ್ದು ಹೊಟ್ಟೆಕಿಚ್ಚಿನಿಂದ ಎಂಬುದು ಪಿಲಾತನಿಗೆ ತಿಳಿದಿತ್ತು ಎಂಬ ಸಾಲು ಬಂತು. ಮೂವತ್ತು ವರ್ಷದಿಂದ ಓದುತ್ತಿದ್ದ ಸಾಲು. ಅದನ್ನೇ ಎರಡು ಸಲ ಓದಿದೆ, ಮುಂದಿನ ಸಾಲಿಗೆ ಹೋಗಲಾಗಲಿಲ್ಲ. ಕ್ರಿಸ್ತನ ಮರಣ ಲೋಕದ ಪಾಪಕ್ಕೆ ಪ್ರಾಯಶ್ಚಿತ್ತ ಎಂದು ಎಷ್ಟು ಸಲ ಬೋಧಿಸಿದ್ದೆನೋ! ಲೋಕದ ಪಾಪವೆಂದರೆ ಕಳ್ಳರದು, ಕುಡುಕರದು ಎಂದುಕೊಂಡಿದ್ದೆ. ಆತನನ್ನು ಮೊಳೆಗೆ ಒಪ್ಪಿಸಿದವರು ನನ್ನಂತೆಯೇ ನಿಲುವಂಗಿ ತೊಟ್ಟವರು, ಜನ ಆತನ ಹಿಂದೆ ಹೋದದ್ದನ್ನು ಸಹಿಸದವರು.

ರತ್ನಪ್ಪ ಎದ್ದು ಬಂದು ನೀರು ಕೊಟ್ಟ. ಉಳಿದದ್ದನ್ನು ಅವನೇ ಓದಿ, ಮೊದಲ ಮಾತನ್ನೂ ಹೇಳಿದ. ಏನು ಹೇಳಿದನೋ ನನ್ನ ಕಿವಿಗೆ ಬೀಳಲಿಲ್ಲ.

ಆರಾಧನೆ ಮುಗಿದ ಮೇಲೆ ಅವನನ್ನು ಒಳಕೋಣೆಗೆ ಕರೆದೆ. "ನಿನ್ನ ಮೇಲೆ ಸುಳ್ಳು ದೂರು ಬರೆದಿದ್ದೀನಿ ಕಣಯ್ಯಾ. ಹೊಟ್ಟೆಕಿಚ್ಚಿಗೆ."

"ಗೊತ್ತು ಅಯ್ನೋರೇ. ಆಫೀಸಿನೋರು ಹೋದ್ ವಾರಾನೇ ಫೋನ್ ಮಾಡಿ ಹೇಳಿದ್ರು."

"ಮತ್ತೆ ಯಾಕಯ್ಯಾ ಕೇಳಲಿಲ್ಲ?"

"ಕೇಳೇಬಿಡೋಣ ಅಂತ ಬೈಕ್ ತಗೊಂಡು ನಿಮ್ ಮನೆ ಬಾಗ್ಲವರ್ಗೂ ಬಂದೆ. ಅಷ್ಟು ಕೋಪ ಇತ್ತು. ಆಮೇಲೆ, ಶುಕ್ರವಾರ ಮೊದಲನೇ ಮಾತು ನಾನೇ ಹೇಳ್ಬೇಕಲ್ಲಾ ಅಂತ ನೆನಪಾಯ್ತು. ವಾಪಸ್ ಹೋದೆ."

ಅವತ್ತೇ ಸಂಜೆ ಮೇಲಧಿಕಾರಿಗಳಿಗೆ ನಿಜ ಬರೆದೆ. ಈಸ್ಟರ್ ಆರಾಧನೆಯಲ್ಲಿ ಸಭೆಯ ಮುಂದೆಯೂ ಹೇಳಿಕೊಂಡೆ. ರತ್ನಪ್ಪ ಉಳಿದ. ನನಗೆ ಲಿಖಿತ ಎಚ್ಚರಿಕೆ ಬಂತು. ಕೆಲವರು ನಿವೃತ್ತಿಯವರೆಗೂ ಆರಾಧನೆಯಲ್ಲಿ ಹಂಚುವ ಪ್ರಭು ಭೋಜನದ ರೊಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.

ಶಿಲುಬೆಯ ಅರ್ಥ ಹೇಳಹೊರಟವನು ಅದರ ಸುತ್ತ ನೆರೆದಿದ್ದವರಲ್ಲಿ ತಾನು ಯಾರು ಎಂದು ಮೊದಲು ನೋಡಿಕೊಳ್ಳಬೇಕು. ನನ್ನ ವೃತ್ತಿ ಕಲಿಸಿದ್ದು ಇಷ್ಟು. ಹೊಟ್ಟೆಕಿಚ್ಚು ಹೋಯಿತೆಂದು ಮಾತ್ರ ಹೇಳಲಾರೆ. ಒಳಕೋಣೆಯಲ್ಲಿ ಅವನು ನನ್ನ ಕೈ ಹಿಡಿದು, "ಬಿಡಿ ಅಯ್ನೋರೇ, ಮುಗೀತು" ಎಂದಾಗಲೂ ಒಳಗೆ ಚುರ್ರೆಂದಿತು: ಕ್ಷಮಿಸುವುದೂ ಇವನಿಗೇ ನನಗಿಂತ ಚೆನ್ನಾಗಿ ಬರುತ್ತದಲ್ಲ!