ಹೆಗಲಿಗೆ ಭಾರವಾಗದ ಬೇಸ್ ಗಿಟಾರ್

ಹಳೆಯ ಸೋವಿಯತ್ ನಾಡಿನ ಮಾರ್ಗಿಲಾನ್ ಊರಿನ ಮದುವೆಗಳಲ್ಲಿ ಹೊಸ ಸೊಸೆ ತಲೆಬಾಗಿ ಸಲಾಂ ಮಾಡುವುದೇ ಒಂದು ದೊಡ್ಡ ಕಾರ್ಯಕ್ರಮ. ಹಾಡುವ ಮುದುಕಿ ಒಬ್ಬೊಬ್ಬ ನೆಂಟರ ಹೆಸರು ಹಿಡಿದು ಹಾಡಬೇಕು, ಮುಸುಕಿನ ಹುಡುಗಿ ಒಂದೊಂದು ಹೆಸರಿಗೂ ಬಾಗಬೇಕು. ಆ ದಿನ ಅವಳ ಜೊತೆ ವಾದ್ಯತಂಡದ ತುರ್ಗುನ್‌ಬೋಯ್ ಕೂಡ ಬಾಗಿದ. ಬಾಗಿದ್ದು ಕಳಚಿಬಿದ್ದ ವೈರನ್ನು ಎತ್ತಿಕೊಳ್ಳಲು. ವೈರನ್ನೇನೋ ಎತ್ತಿಕೊಂಡ, ಆದರೆ ತನ್ನನ್ನು ತಾನು ಎತ್ತಿಕೊಳ್ಳಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಕೊರಳಿಗೆ ನೇತುಬಿದ್ದ ಬೇಸ್ ಗಿಟಾರ್ ಅವನನ್ನು ಇನ್ನಷ್ಟು ಕೆಳಕ್ಕೆ ಜಗ್ಗುತ್ತಿತ್ತು.

"ಅಯ್ಯೋ, ಇಲ್ನೋಡ್ರೇ, ಎರಡನೇ ಸೊಸೆ!"

"ಮೀಸೆ ಇದೆಯಲ್ಲೇ ಇವಳಿಗೆ!"

"ಇದ್ರೆ ಇರ್ಲಿ ಬಿಡೇ, ಅಡುಗೆ ಬಂದ್ರೆ ಸಾಕು!"

ಮುದುಕಿ ಹಾಡಿನೊಳಗೆ ಅವನ ಹೆಸರನ್ನೂ ಸೇರಿಸಿದಳು. ಯಾರೋ ತಲೆಯ ಮೇಲೆ ಮಿಠಾಯಿ ಎರಚಿದರು. ಕೊನೆಗೆ ಡೋಲಿನವನೂ ತುತ್ತೂರಿಯವನೂ ಸೇರಿ ಅವನನ್ನು ಬಾಗಿದ ಭಂಗಿಯಲ್ಲೇ, ಸೋಫಾ ಸಾಗಿಸುವ ಹಾಗೆ, ಹೊರಗೆ ಒಯ್ದರು.

ತುರ್ಗುನ್ ಎಂದರೆ ನಿಂತವನು, ಉಳಿದವನು. ಹುಟ್ಟಿದ ಮಕ್ಕಳು ದಕ್ಕದ ಮನೆಯಲ್ಲಿ, ಈ ಕೂಸಾದರೂ ನಿಲ್ಲಲಿ ಎಂದು ಇಡುವ ಹೆಸರು. ಅವನ ಅಣ್ಣಂದಿರಲ್ಲಿ ಯಾರೂ ತೊಟ್ಟಿಲು ದಾಟಿರಲಿಲ್ಲ. ತಾಯಿ ಇಟ್ಟ ಹೆಸರಿಗೆ ಅವನು ಮೋಸ ಮಾಡಲಿಲ್ಲ. ಬೆಳಗಿನ ಪಲಾವಿನಿಂದ ಹೆಣ್ಣು ಒಪ್ಪಿಸುವವರೆಗೆ ನಿಂತೇ ಬಾರಿಸಿ ಅರ್ಧ ಊರಿನ ಮದುವೆ ಮಾಡಿಸಿದ್ದ. ಈಗ ಐವತ್ತು ದಾಟಿತ್ತು. ಹೆಸರು ನಿಂತಿತ್ತು, ಸೊಂಟ ನಿಲ್ಲುತ್ತಿರಲಿಲ್ಲ.

ಮಾರನೆಯ ದಿನ ವಾದ್ಯತಂಡದ ಯಜಮಾನ, ಹಾಡುಗಾರ ಹೋಶಿಂಜೋನ್ ನೋಡಲು ಬಂದ. ವಯಸ್ಸಿನಲ್ಲಿ ಚಿಕ್ಕವನು, ಹಾಗಾಗಿ 'ಅಕಾ' ಎಂದೇ ಕರೆಯುತ್ತಿದ್ದ. ಅಲ್ಲಿನ ಅಕಾ ಎಂದರೆ ಅಣ್ಣ. ನಮ್ಮ ಅಕ್ಕನಿಗೂ ಆ ಅಕಾನಿಗೂ ಒಂದು ಮೀಸೆಯಷ್ಟೇ ಅಂತರ.

"ಅಕಾ, ಹೊಸ ಕೀಬೋರ್ಡ್ ತಂದಿದ್ದೀನಿ. ಎಡಗೈ ಇಟ್ರೆ ಸಾಕು, ಬೇಸ್ ತಾನೇ ಹೊಡ್ಕೊಳುತ್ತೆ. ಸೊಂಟ ನೋವು ಅನ್ನಲ್ಲ."

"ಪಲಾವೂ ತಿನ್ನಲ್ಲ."

"ಅದೇ ನಾನೂ ಹೇಳ್ತಿರೋದು! ಮುಂದಿನ ಮದುವೆ ಪೂರ್ತಿ ನಿಂತು ಬಾರಿಸಿದ್ರೆ ನೀವು. ಇಲ್ದಿದ್ರೆ ಅದು. ಬೇಜಾರು ಮಾಡ್ಕೋಬೇಡಿ."

"ಬೇಸ್ ಹೋದ್ಮೇಲೆ ಉಳಿಯೋದು ಬೇಸರಾನೇ ತಾನೆ" ಎಂದ ತುರ್ಗುನ್, ಮಲಗಿದಲ್ಲಿಂದಲೇ.

ಅವನ ಗಿಟಾರ್ ರೇಷ್ಮೆ ಕಾರ್ಖಾನೆಯ ಕ್ಲಬ್ಬಿನಿಂದ ಬಂದ ಸೋವಿಯತ್ ಕಾಲದ್ದು. ಟ್ರಾಕ್ಟರ್ ಮಾಡಲು ಹೊರಟವರು ನಡುವೆ ಮನಸ್ಸು ಬದಲಿಸಿದಂತಿತ್ತು. ಎದ್ದು ಓಡಾಡುವಂತಾದ ಕೂಡಲೇ ಅವನು ಪೇಟೆಗೆ ಹೋಗಿ ಹಗುರವಾದದ್ದನ್ನು ಹುಡುಕಿದ. ಒಂದು ಪುಟ್ಟದಿತ್ತು, ಅದರ ಮಂದ್ರ ಸೊಳ್ಳೆಯ ಮಂದ್ರ. ಇನ್ನೊಂದನ್ನು ಅಂಗಡಿಯವನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದ. ಕೊರಳಿಗೆ ಹಾಕಿಕೊಂಡು ಎಡಗೈ ಬಿಟ್ಟರೆ, ಕುರಿ ನೀರು ಕುಡಿಯಲು ಬಗ್ಗಿದಂತೆ ಅದರ ತಲೆ ನೆಲಕ್ಕೆ ಇಳಿಯಿತು.

"ಹಗುರ ಅಂದ್ರೆ ಹಗುರ, ಅಕಾ!"

"ತಕ್ಕಡೀಗೆ ಹಗುರ ಕಣಯ್ಯಾ. ಇದರ ತಲೆ ಎತ್ತಿ ಹಿಡಿಯೋಕೆ ಇನ್ನೊಬ್ಬ ಬೇಕು."

ಕೊನೆಗೆ ಹೋದದ್ದು ಎರಡು ತಂತಿಯ ದುತಾರ್ ವಾದ್ಯ ಮಾಡುವ ಮುದುಕ, ಉಸ್ತಾ ಅಸ್ಕರಾಲಿಯ ಹತ್ತಿರ. ಉಸ್ತಾ ಎಂದರೆ ಕೆಲಸ ಬಲ್ಲ ಮೇಸ್ತ್ರಿ.

"ಹಿಪ್ಪುನೇರಳೆ ಬೇಡ ಉಸ್ತಾ, ಭಾರ. ಒಣಗಿದ ಮರ ಬೇಕು. ತಲೆ ಬಾಗಬಾರದು. ಪಟ್ಟಿ ಅಗಲ ಇರಲಿ."

ಉಸ್ತಾ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಆಮೇಲೆ ಹಿತ್ತಲ ಕಡೆ ನೋಡುತ್ತಾ, "ಪಾಪ್ಲರ್ ಮರದ ಹಲಗೆ ಒಂದಿದೆ. ಹೆಗಲಿನ ಅಭ್ಯಾಸ ಇರೋ ಮರ" ಎಂದ. ಅದನ್ನು ಮರದ ಹೊಗಳಿಕೆ ಎಂದುಕೊಂಡು ತುರ್ಗುನ್ ಒಪ್ಪಿದ.

ಗಿಟಾರ್ ತಯಾರಾದ ದಿನ ಕೊರಳಿಗೆ ಹಾಕಿಕೊಂಡ. ಹಾಕಿಕೊಂಡೆನೋ ಇಲ್ಲವೋ ಎಂದು ಕೆಳಗೆ ನೋಡಿಕೊಂಡ. ಪಟ್ಟಿಯ ಕೆಳಗೆ ಅಂಗಿಯಲ್ಲಿ ಒಂದು ಸುಕ್ಕೂ ಬಿದ್ದಿರಲಿಲ್ಲ. ಎರಡೂ ಕೈ ಬಿಟ್ಟ. ಗಿಟಾರ್ ಇದ್ದಲ್ಲೇ, ಮಟ್ಟಸವಾಗಿ, ಕೆಳಗಿನಿಂದ ಯಾರೋ ಹಿಡಿದುಕೊಂಡಂತೆ ನಿಂತಿತ್ತು. ಮನೆಗೆ ಹೊತ್ತು ಬರುವಾಗ ಚೀಲ ಖಾಲಿಯೇನೋ ಎಂಬ ಅನುಮಾನ ಬಂದು ದಾರಿಯಲ್ಲಿ ಮತ್ತೆ ಮತ್ತೆ ಬಿಚ್ಚಿ ನೋಡಿದ. ಬೀದಿಯ ಚಹಾದಂಗಡಿಯಲ್ಲಿ ಜೋರಾಗಿ ಹರಟುತ್ತಿದ್ದವರು ಅವನು ಹಾದುಹೋಗುವಾಗ ದನಿ ತಗ್ಗಿಸಿದರು. ಯಾಕೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ.

ಮದುವೆ ಬಂತು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಂಗಳದ ತುಂಬ ಉದ್ದನೆಯ ಮೇಜುಗಳು, ಪಲಾವಿನ ಹಬೆ, ಟೋಪಿ ಹಾಕಿದ ಗಂಡಸರು. ಹೋಶಿಂಜೋನ್ ಹಾಡು ಎತ್ತಿದ. ಸೊಂಟ ಒಂದಿಷ್ಟೂ ನೋಯದ ಖುಷಿಗೆ ತುರ್ಗುನ್ ಎಳೆವಯಸ್ಸಿನ ಹಾಗೆ ಬಾರಿಸುತ್ತಾ ಮೇಜುಗಳ ನಡುವೆ ನಡೆದ.

ಮೊದಲ ಮೇಜಿನ ಮುದುಕನೊಬ್ಬ ಚಮಚ ಕೆಳಗಿಟ್ಟು ಎದ್ದ. ತುರ್ಗುನ್‌ನ ಹಿಂದೆ ಒಂದಿಷ್ಟು ಹೆಜ್ಜೆ ನಡೆದು ನಿಂತ. ಪಕ್ಕದವನೂ ಎದ್ದ. ಆಮೇಲೆ ಆ ಸಾಲೇ ಎದ್ದಿತು. ಒಬ್ಬ ಮುಂದೆ ಬಂದು ಗಿಟಾರಿನ ಅಡಿಗೆ ಅಂಗೈ ಕೊಟ್ಟು ನಾಲ್ಕು ಹೆಜ್ಜೆ ನಡೆದ. ಇನ್ನೊಬ್ಬ ಮೆಲ್ಲಗೆ ಅವನನ್ನು ಸರಿಸಿ ತನ್ನ ಅಂಗೈ ಕೊಟ್ಟ. ಬಾಯಲ್ಲಿದ್ದ ತುತ್ತನ್ನೂ ಅವರು ನುಂಗಿರಲಿಲ್ಲ. ಮಾರ್ಗಿಲಾನಿನಲ್ಲಿ ಆ ನಡಿಗೆ ಗೊತ್ತಿಲ್ಲದವರಿಲ್ಲ. ತಾಬೂತು, ಅಂದರೆ ಹೆಣ ಹೊರುವ ಮಂಚ, ಬೀದಿಯಲ್ಲಿ ಹೊರಟರೆ ಕಂಡವರೆಲ್ಲ ಎದ್ದು ಒಂದಿಷ್ಟು ದೂರ ಹೆಗಲು ಕೊಡಬೇಕು. ಹೋಶಿಂಜೋನ್ ಹಾಡನ್ನು ಅರ್ಧಕ್ಕೇ ನಿಲ್ಲಿಸಿದ. ತುರ್ಗುನ್ ಕೂಡ ಬೆಚ್ಚಿ ನಿಂತ. ಅವನು ನಿಂತದ್ದೇ ತಡ, ಮುದುಕರೆಲ್ಲ ನಿದ್ದೆ ತಿಳಿದವರಂತೆ ಮುಖ ಮುಖ ನೋಡಿಕೊಂಡು ಪಲಾವಿಗೆ ವಾಪಸಾದರು. ಆಮೇಲೆ ಅವನಿಗೆ ಕಾಲು ಕೀಳುವ ಧೈರ್ಯ ಬರಲಿಲ್ಲ. ಊಟ ಮುಗಿಯುವವರೆಗೆ ನಿಂತಲ್ಲೇ ಬಾರಿಸಿದ. ಸಂಜೆಯವರೆಗೆ ಬಿಡುವಿತ್ತು. ಅವನು ನೇರ ಉಸ್ತಾನ ಅಂಗಡಿಗೆ ನಡೆದ.

"ಮಸೀದೀದು ಹಳೇ ತಾಬೂತು ಕಣಪ್ಪ" ಎಂದ ಉಸ್ತಾ, ಉಳಿ ಮಸೆಯುತ್ತಾ. "ಹೊಸದು ಬಂದ್ಮೇಲೆ ಇದು ಮಳೇಲಿ ಬಿದ್ದಿತ್ತು. ನೀನು ಹಗುರದ್ದು ಕೇಳ್ದೆ. ಹುಟ್ಟಿದಾಗಿಂದ ಇನ್ನೊಬ್ಬರ ಹೆಗಲ ಮೇಲೇ ಇದ್ದ ಮರ ಅದು. ತನ್ನ ಭಾರ ತಾನು ಹೊತ್ತೇ ಗೊತ್ತಿಲ್ಲ."

ಮರಕ್ಕೂ ಮರಣಕ್ಕೂ ಒಂದೇ ಅಕ್ಷರದ ಅಂತರ ಎಂದು ನಾವು ಕನ್ನಡದವರು ನಗಬಹುದು. ತಂತಿ ಬಂದರೆ ಸಾವಿನ ಸುದ್ದಿ ಎಂದು ಹೆದರುತ್ತಿದ್ದ ಕಾಲ ನಮ್ಮಲ್ಲೂ ಇತ್ತು. ಇಲ್ಲಿ ತಂತಿಗಳೇ ಸಾವಿನ ಮೇಲೆ ಬಿಗಿದು ಕೂತಿದ್ದವು. ತುರ್ಗುನ್‌ಗೆ ನಗು ಬರಲಿಲ್ಲ.

ಹೆಂಡತಿ ಓಯ್‌ನಿಸಾಳಿಗಂತೂ ಬರಲೇ ಇಲ್ಲ. ಗಂಡನ ಹೆಸರು ಹೇಳುವ ಪದ್ಧತಿ ಅಲ್ಲೂ ಇಲ್ಲ, ಮಕ್ಕಳ ಅಪ್ಪ ಎಂಬರ್ಥದಲ್ಲಿ 'ದಾದಾಸಿ' ಎನ್ನುತ್ತಾರೆ. "ದಾದಾಸಿ, ನಿಮ್ಮಮ್ಮ ಈ ಮಗ ನಿಲ್ಲಲಿ ಅಂತ ಹೆಸರಿಟ್ರೆ, ನೀವು ಹೋಗೋರ ಮಂಚಾನ ಕೊರಳಿಗೆ ಕಟ್ಕೊಂಡು ಊರೆಲ್ಲಾ ಸುತ್ತುತೀರಲ್ಲ! ವಾಪಸ್ ಕೊಟ್ಬಿಡಿ."

ತುರ್ಗುನ್ ಮೂಲೆಯಲ್ಲಿದ್ದ ಹಳೆಯ ಗಿಟಾರನ್ನು ಎತ್ತಲು ಹೋದ. ಅದು ಮೊಣಕಾಲಿನವರೆಗೂ ಬರಲಿಲ್ಲ, ಸೊಂಟದಲ್ಲಿ ಕಟಕ್ ಎಂದಿತು. ಅದನ್ನು ಅಲ್ಲೇ ಬಿಟ್ಟು ಕೂತು ಯೋಚಿಸಿದ. ಬೆಳಿಗ್ಗೆ ಅವರು ಎದ್ದದ್ದು ಅವನು ನಡೆದಾಗ, ಹಿಂದಿರುಗಿದ್ದು ಅವನು ನಿಂತಾಗ.

"ಓಯ್‌ನಿಸಾ, ಮಸೀದೀಲಿ ಸುಮ್ನೆ ನಿಂತಿರೋ ತಾಬೂತಿನ ಹಿಂದೆ ಯಾರಾದ್ರೂ ಹೋಗ್ತಾರಾ?"

"ಅದು ಹೊರಟ್ರೆ ತಾನೆ ಹೋಗೋದು?" ಎಂದಳು ಅವಳು. ಎಂದಮೇಲೆ ಯಾಕಾದರೂ ಅಂದೆನೋ ಎಂದು ತುಟಿ ಕಚ್ಚಿಕೊಂಡಳು.

ಸಂಜೆ ಗಿಟಾರನ್ನು ಚೀಲದಲ್ಲಿ ಹಾಕಿ, ನೆಂಟರು ಸೇರುವ ಮೊದಲೇ ಕಳಿಸಿ ಮದುವೆಯ ಅಂಗಳದ ಮೂಲೆಯಲ್ಲಿ ಇರಿಸಿದ. ಅಲ್ಲಿಗೆ ಹೋಗಿ ಪಟ್ಟಿ ಹಾಕಿಕೊಂಡು ನಿಂತ. ಎಡಕ್ಕೆ ಹೆಜ್ಜೆ ಇಲ್ಲ, ಬಲಕ್ಕೆ ಹೆಜ್ಜೆ ಇಲ್ಲ. ನೆಂಟರು ಕುಣಿದರು, ಸೊಸೆ ಬಾಗಿದಳು, ಯಾರೂ ಅವನ ಹಿಂದೆ ಬರಲಿಲ್ಲ. ತಾಯಿ ಇಟ್ಟ ಹೆಸರನ್ನು ಅವನು ಅಷ್ಟು ಚೆನ್ನಾಗಿ ಎಂದೂ ಉಳಿಸಿರಲಿಲ್ಲ. ಹೆಣ್ಣು ಒಪ್ಪಿಸಿ ಮುಗಿದಾಗಲೂ ಅವನ ಅಂಗಿ ಗರಿಗರಿಯಾಗಿಯೇ ಇತ್ತು.

ಕೀಬೋರ್ಡ್ ಪೆಟ್ಟಿಗೆಯಿಂದ ಹೊರಬಂದಿರಲೇ ಇಲ್ಲ. ಹೋಶಿಂಜೋನ್ ಎರಡು ಬಟ್ಟಲು ಚಹಾ ಹಿಡಿದು ಬಂದು ಒಂದನ್ನು ಕೊಟ್ಟ. ಗಿಟಾರಿನ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಾ ನಿಂತ.

"ಅಕಾ, ನಿಜ ಹೇಳಿ. ಅದನ್ನ ಹೊತ್ಕೊಂಡಿರೋರು ನಿಮಗೆ ಗೊತ್ತಾಗ್ತಾರೆ ಅಲ್ವಾ? ಯಾರವರು?"

ತುರ್ಗುನ್ ಚಹಾ ಗುಟುಕರಿಸಿ ಎಡಗೈಯನ್ನು ಗಿಟಾರಿನಿಂದ ಮೆಲ್ಲಗೆ ತೆಗೆದು ನೋಡಿದ.

"ಯಾರೋ ಏನೋ. ಒಬ್ಬ ಗಿಡ್ಡ ಇದಾನೆ ಕಣೋ, ತಲೆ ಕಡೆ ಸ್ವಲ್ಪ ಇಳಿಯುತ್ತೆ."