ಚೆಂಬು ಕಚ್ಚಿದ ಹೆಸರು

ದೃಷ್ಟಿ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಒಂದು ದಿನವೂ ನಂಬಿರಲಿಲ್ಲ. ನಂಬದಿದ್ದರೂ ಜಗಳ ಆಡಿದವಳಲ್ಲ. ಪರೀಕ್ಷೆಗೆ ಹೊರಟಾಗ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ಸುಮ್ಮನೆ ನಿಲ್ಲುತ್ತಿದ್ದೆ. ಒಲೆಗೆ ಹಾಕಿದಾಗ ಘಾಟು ಬಂದರೆ ಕೆಮ್ಮುತ್ತಿದ್ದೆ, ಬರದಿದ್ದರೆ ಮೆಣಸಿನಕಾಯಿ ಹಳೆಯದಿರಬೇಕು ಎಂದುಕೊಳ್ಳುತ್ತಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ ಮೇಲೂ ಹಾಗೆಯೇ ಇದ್ದೆ. ಈಗ ಬರೆಯುತ್ತಿರುವ ಸಂಜೆಯ ಬಗ್ಗೆ ಇದುವರೆಗೆ ಯಾರೊಂದಿಗೂ ಮಾತಾಡಿಲ್ಲ. ಕಾಲೇಜಿನಲ್ಲಿ ಹೇಳಿದರೆ ನಗುತ್ತಾರೆ. ಊರಿನಲ್ಲಿ ಹೇಳುವ ಅಗತ್ಯವಿಲ್ಲ, ಅವರಿಗೆ ಗೊತ್ತು.

ನಮ್ಮ ಊರು ಘಾಟಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿದೆ. ಅಪ್ಪ ಹಸು ಸಾಕಿಕೊಂಡು, ಗುಲಾಬಿ ಬೆಳೆದುಕೊಂಡು ಇದ್ದಾರೆ. ಅಣ್ಣ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಶಿಫ್ಟ್ ಮೇಲೆ ಹೋಗುತ್ತಾನೆ. ಅಮ್ಮನ ತವರು ಗೌರಿಬಿದನೂರಿನ ಆಚೆ, ತೆಲುಗು ಸೀಮೆಗೆ ಅಂಟಿಕೊಂಡ ಒಂದು ಹಳ್ಳಿ. ಅವಳು ಅಲ್ಲಿಂದ ತಂದ ವಿದ್ಯೆ ಎಂದರೆ ಚೆಂಬು ಕಚ್ಚಿಸುವುದು.

ಇದನ್ನು ಕಾಣದವರಿಗಾಗಿ ಹೇಳುತ್ತೇನೆ. ಕಂಚಿನ ತಟ್ಟೆಯಲ್ಲಿ ಅರಿಶಿನ ಸುಣ್ಣ ಕದಡಿದ ಕೆಂಪು ನೀರು ಹಾಕಿ, ನಡುವೆ ಸಣ್ಣ ಮಣ್ಣಿನ ಹಣತೆ ಹಚ್ಚಿಡುತ್ತಾರೆ. ಮಗುವಿಗೆ ನಿವಾಳಿಸಿದ ಚೆಂಬನ್ನು ಆ ಹಣತೆಯ ಮೇಲೆ ಬೋರಲು ಹಾಕಿ ಹೇಳತೊಡಗುತ್ತಾರೆ. ಊರ ಕಣ್ಣು, ಕೇರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು, ಉಂಡೋರ ಕಣ್ಣು, ಉಪ್ಪಾಸಿದ್ದೋರ ಕಣ್ಣು, ಅಜ್ಜಿ ಕಣ್ಣು, ತಾತನ ಕಣ್ಣು, ಹೆತ್ತೋಳ ಕಣ್ಣು. ಒಂದು ಹಂತದಲ್ಲಿ ಚೆಂಬು ಗೊಳಗೊಳ ಎಂದು ತಟ್ಟೆಯ ನೀರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಕಚ್ಚುವುದು ಎಂದರೆ ಅದೇ. ಯಾರ ಕಣ್ಣು ಎನ್ನುವಾಗ ಎಳೆಯಿತೋ ಅವರ ದೃಷ್ಟಿ ಮಗುವಿಗೆ ತಾಕಿದೆ ಎಂದು ಲೆಕ್ಕ. ಕೇರಿಯ ಹೆಂಗಸರೆಲ್ಲ ಅಳುವ ಮಕ್ಕಳನ್ನು ಎತ್ತಿಕೊಂಡು ಅಮ್ಮನ ಬಳಿ ಬರುತ್ತಿದ್ದರು. ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕೈಗುಣ ಮಾರಿಕೊಳ್ಳಬಾರದು ಎನ್ನುತ್ತಿದ್ದಳು.

ಚೆಂಬು ನೀರನ್ನು ಏಕೆ ಎಳೆಯುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ದೀಪದಿಂದ ಕಾದ ಗಾಳಿ ಹಿಗ್ಗುತ್ತದೆ. ದೀಪ ಆರಿದಾಗ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಇದು ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೆ.

ಅಣ್ಣನ ಹೆಂಡತಿ ಶೋಭಾ ನೆಲಮಂಗಲದ ಕಡೆಯವಳು, ನನಗಿಂತ ಒಂದು ವರ್ಷ ಚಿಕ್ಕವಳು. ಹೆರಿಗೆಯ ನಂತರ ತವರಿನಿಂದ ಮಗುವನ್ನು ಕರೆದುಕೊಂಡು ಬಂದಾಗ ಮಗು ಹಾಲು ಕುಡಿದಷ್ಟೂ ಕಕ್ಕುತ್ತಿತ್ತು. ಮೈ ಹತ್ತಿರಲಿಲ್ಲ. ದೊಡ್ಡಬಳ್ಳಾಪುರದ ಡಾಕ್ಟರು ನೋಡಿ, ಬಹಳ ಮಕ್ಕಳು ಹೀಗೆ ಕಕ್ಕುತ್ತವೆ, ಕೂರುವ ಹೊತ್ತಿಗೆ ತಾನಾಗಿ ನಿಲ್ಲುತ್ತದೆ, ಕುಡಿಸಿದ ಮೇಲೆ ಬೆನ್ನು ತಟ್ಟಿ ಎಂದಿದ್ದರು. ಅಮ್ಮ ಬೆನ್ನನ್ನೂ ತಟ್ಟಿದಳು, ಚೆಂಬನ್ನೂ ಹಾಕಿದಳು. ಅದು ಕಚ್ಚಿದ್ದು ಹೆತ್ತೋಳ ಕಣ್ಣು ಎನ್ನುವಾಗ.

ಎದುರು ಮನೆಯ ಸಾವಿತ್ರಮ್ಮ ಅಲ್ಲೇ ಕೂತಿದ್ದರು. “ಹೆತ್ತೋಳ ಕಣ್ಣು ಹೆಬ್ಬುಲಿ ಕಣ್ಣು ಅಂತಾರೆ,” ಎಂದರು. ಶೋಭಾ ನಕ್ಕಳು. ಮಾರನೆಯ ಬೆಳಿಗ್ಗೆ ಅಮ್ಮ ತನ್ನ ಹಳೆಯ ಸೀರೆಯಿಂದ ಮೆತ್ತಗಿನ ಒಂದು ತುಂಡು ಹರಿದು ತಂದಾಗಲೂ ಅವಳಿಗೆ ಏನೂ ಅರ್ಥವಾಗಿರಲಿಲ್ಲ. ಅಮ್ಮ ಅದನ್ನು ಮಡಿಸಿ ಸೊಸೆಯ ಕಣ್ಣಿಗೆ ಕಟ್ಟಿದಳು. ಒತ್ತದ ಹಾಗೆ, ಕೂದಲು ಸಿಕ್ಕಿಕೊಳ್ಳದ ಹಾಗೆ, ಜೋಪಾನವಾಗಿ ಕಟ್ಟಿದಳು. ಆಮೇಲೆ ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದಳು.

ಅಂದಿನಿಂದ ಅದೇ ಕ್ರಮವಾಯಿತು. ಮಗುವಿನ ಸ್ನಾನ, ಎಣ್ಣೆ, ತೊಟ್ಟಿಲು ಎಲ್ಲ ಅಮ್ಮನದು. ಹಾಲು ಕುಡಿಸುವಾಗ ಮಾತ್ರ ಶೋಭಾ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಉಳಿದ ಹೊತ್ತು ಅವಳು ಮಗು ಇದ್ದ ಕೋಣೆಗೆ ಬರುವಂತಿರಲಿಲ್ಲ. ಇದು ಎಲ್ಲಿಯ ನ್ಯಾಯ ಎಂದು ನಾನು ಕೇಳಿದೆ. ಅಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಹಾಲು ಕುಡಿಸ್ಬೇಡ ಅಂದ್ನಾ? ನೋಡ್ಬೇಡ ಅಂದೆ, ಅಷ್ಟೆ.”

ಅಣ್ಣ, ಒಂದು ಅಮಾವಾಸ್ಯೆ ಕಳೆಯಲಿ ಎಂದ. ಕಳೆಯಿತು. ಮಗು ಕಡಿಮೆ ಕಕ್ಕಿದ ದಿನ ಬಟ್ಟೆ ಫಲ ಕೊಟ್ಟಿದೆ ಎಂದಾಗುತ್ತಿತ್ತು. ಹೆಚ್ಚು ಕಕ್ಕಿದ ದಿನ, “ಕದ್ದು ನೋಡಿರ್ತೀಯ, ಬಿಡು,” ಎನ್ನುತ್ತಿದ್ದಳು ಅಮ್ಮ, ಬೈಯುವ ದನಿಯಲ್ಲೂ ಅಲ್ಲ. ಶೋಭಾ ಮೊದಮೊದಲು ಅತ್ತಳು, ಆಮೇಲೆ ಗಂಡನೊಡನೆ ಜಗಳವಾಡಿದಳು, ಕೊನೆಗೆ ಎರಡನ್ನೂ ಬಿಟ್ಟಳು. ತವರಿಗೆ ಫೋನು ಮಾಡಿದಾಗ ಅವಳು ಹೇಳಿದ್ದು ನನಗೆ ಕೇಳಿಸಿತು. “ನಿನ್ನೆ ನಕ್ಕನಂತೆ ಕಣಮ್ಮ,” ಎನ್ನುತ್ತಿದ್ದಳು.

ಕಾಲೇಜಿನಿಂದ ಬಂದ ಮೇಲೆ ಸಂಜೆಯ ಹಾಲಿನ ಹೊತ್ತಿಗೆ ನಾನು ಅವಳ ಪಕ್ಕ ಕೂರುತ್ತಿದ್ದೆ. ಅವಳು ಕೇಳುತ್ತಿದ್ದಳು, ನಾನು ನೋಡಿ ಹೇಳುತ್ತಿದ್ದೆ. ಕಣ್ಣು ಬಿಟ್ಟಿದಾನಾ? ಬಿಟ್ಟಿದಾನೆ. ಎಲ್ಲಿ ನೋಡ್ತಿದಾನೆ? ನಿನ್ನ ಬಳೆ. ಹುಬ್ಬು ಬಂತಾ? ಎಡಗಡೆ ಸ್ವಲ್ಪ. ನಾನು ಮಾತು ಕಡಿಮೆ ಆಡುವವಳು. ನನ್ನ ಬದುಕಿನಲ್ಲಿ ಯಾರಿಗೂ ಅಷ್ಟು ವಿವರವಾಗಿ ಏನನ್ನೂ ಹೇಳಿರಲಿಲ್ಲ, ಯಾವುದನ್ನೂ ಅಷ್ಟು ಹೊತ್ತು ನೋಡಿರಲೂ ಇಲ್ಲ. ಮಗುವಿನ ಕಿವಿಯ ಹಿಂದಿನ ಸಣ್ಣ ಮಚ್ಚೆಯನ್ನು ಮೊದಲು ಕಂಡವಳು ನಾನೇ. ಹೇಳಿದಾಗ ಶೋಭಾ ಬೆರಳಿನಿಂದ ಹುಡುಕಿದಳು. ಮಚ್ಚೆ ಬೆರಳಿಗೆ ಸಿಗುವುದಿಲ್ಲ.

ಮತ್ತೊಂದು ಅಮಾವಾಸ್ಯೆ ಹತ್ತಿರ ಬಂದಾಗ ಅಮ್ಮ ಹೊಸ ಮಾತು ತೆಗೆದಳು. ಮಗುವಿಗೆ ಬಾಟಲಿ ಹಾಲು ಅಭ್ಯಾಸ ಮಾಡಿಸೋಣ, ಹುಡುಗನಿಗೆ ಒಂದು ವರ್ಷ ತುಂಬುವ ತನಕ ಶೋಭಾ ತವರಿನಲ್ಲಿರಲಿ. ಚೆಂಬನ್ನು ಕೊನೆಯದಾಗಿ ಒಂದು ಸಲ ಕೇಳುತ್ತೇನೆ, ಮತ್ತೆ ಅವಳ ಹೆಸರಿಗೇ ಕಚ್ಚಿದರೆ ಕಳಿಸುವುದೇ. ಅಣ್ಣ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವತ್ತು ನಾನು, ಈ ಸಲ ಚೆಂಬು ನಾನು ಹಾಕುತ್ತೇನೆ ಎಂದೆ.

ಅಮ್ಮ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು. “ಕಲ್ತ್ಕೋ. ನನ್ನ ಹಿಂದೆ ಯಾರಾದ್ರೂ ಮಾಡ್ಬೇಕಲ್ಲ.” ಅಪ್ಪ ಮಾತ್ರ, “ಎಂ.ಎಸ್ಸಿ. ಓದ್ಸಿದ್ದು ಚೆಂಬು ಬೋರಲು ಹಾಕೋಕಾ ತಾಯಿ?” ಎಂದು ನಕ್ಕರು.

ನನ್ನ ಉಪಾಯ ಸರಳವಾಗಿತ್ತು. ಅಮ್ಮ ಸಾಲಾಗಿ ಹೇಳುವ ಮಾತು ಮುಗಿಯುವ ಹೊತ್ತಿಗೆ ದೀಪ ಆರುತ್ತದೆ, ಕೊನೆಯಲ್ಲಿ ಬರುವ ಹೆತ್ತೋಳು ಸಿಕ್ಕಿಬೀಳುತ್ತಾಳೆ. ನಾನು ಒಂದು ಸಲಕ್ಕೆ ಒಂದೇ ಹೆಸರು ಹೇಳುತ್ತೇನೆ, ಪ್ರತಿ ಹೆಸರಿಗೂ ಹೊಸ ಬತ್ತಿ ಹಾಕುತ್ತೇನೆ. ಅಮ್ಮನ ಹೆಸರಿಗೂ ಕಚ್ಚುತ್ತದೆ, ಅಣ್ಣನ ಹೆಸರಿಗೂ ಕಚ್ಚುತ್ತದೆ. ಯಾರ ಹೆಸರು ಹೇಳಿದರೂ ಕಚ್ಚುವ ಚೆಂಬು ಯಾರ ವಿರುದ್ಧವೂ ಸಾಕ್ಷಿಯಾಗಲಾರದು. ಅಮಾವಾಸ್ಯೆಯ ಮಧ್ಯಾಹ್ನ ಅಮ್ಮ ಹಿತ್ತಲಿನಲ್ಲಿದ್ದಾಗ ಅದೇ ತಟ್ಟೆ, ಅದೇ ಚೆಂಬು, ಅದೇ ಹಣತೆ ತೆಗೆದುಕೊಂಡು ಅಡುಗೆಮನೆಯಲ್ಲಿ ಯಾವ ಹೆಸರೂ ಹೇಳದೆ ಮಾಡಿ ನೋಡಿದೆ. ಚೆನ್ನಾಗಿ ಕಚ್ಚಿತು. ತೊಳೆದು ಒರೆಸಿ ಇದ್ದಲ್ಲೇ ಇಟ್ಟೆ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಸಾವಿತ್ರಮ್ಮನೂ ಬಂದರು. ಮಗು ಅಮ್ಮನ ತೊಡೆಯ ಮೇಲಿತ್ತು. ಶೋಭಾ ಗೋಡೆಗೆ ಒರಗಿ ಕೂತಿದ್ದಳು, ಕಣ್ಣಿಗೆ ಬಟ್ಟೆ ಕಟ್ಟಿತ್ತು. ನಾನು ಚೆಂಬು ನಿವಾಳಿಸಿ, ಬತ್ತಿ ಹಚ್ಚಿ, ಬೋರಲು ಹಾಕಿ ಅಮ್ಮನ ಹೆಸರು ಹೇಳಿದೆ.

ಚೆಂಬು ಕಚ್ಚಲಿಲ್ಲ. ಅಂಚು ಸರಿಯಾಗಿ ಕೂತಿಲ್ಲ ಎಂದುಕೊಂಡೆ. ಎತ್ತಿ ನೋಡಿದರೆ ಬತ್ತಿ ಆರಿತ್ತು, ಚೆಂಬಿನ ಒಳಮೈ ಬಿಸಿಯಾಗಿತ್ತು, ನೀರು ಇದ್ದಷ್ಟೇ ಇತ್ತು. ಹೊಸ ಬತ್ತಿ ಹಾಕಿ ಅಣ್ಣನ ಹೆಸರು ಹೇಳಿದೆ. ಕಾದೆವು. ಒಂದು ಗುಳ್ಳೆಯೂ ಏಳಲಿಲ್ಲ. ತಟ್ಟೆಯನ್ನು ಸಮವಾದ ಕಡೆಗೆ ಸರಿಸಿದೆ, ಅಂಚು ಮುಳುಗುವಷ್ಟು ನೀರು ಸೇರಿಸಿದೆ, ಬತ್ತಿಯನ್ನು ದಪ್ಪ ಮಾಡಿದೆ. ನನಗೆ ಗೊತ್ತಿದ್ದ ಎಲ್ಲ ಎಚ್ಚರವನ್ನೂ ವಹಿಸಿ ಶೋಭಾಳ ಹೆಸರು ಹೇಳಿದೆ. ನೀರು ಕದಲಲಿಲ್ಲ.

ಶೋಭಾಗೆ ಏನಾಯಿತೆಂದು ಕಾಣುತ್ತಿರಲಿಲ್ಲ. ಕಚ್ಚಲಿಲ್ಲ ಎಂದು ನಾನೇ ಹೇಳಿದೆ. ಅವಳು ತಾನಾಗಿ ಬಟ್ಟೆ ಬಿಚ್ಚಿದಳು. ಅಮ್ಮನ ಹತ್ತಿರ ಹೋಗಿ ಮಗುವನ್ನು ತೆಗೆದುಕೊಂಡಳು, ಅಮ್ಮ ತಡೆಯಲಿಲ್ಲ. ಅವಳು ಮೊದಲು ಮಗುವಿನ ಕಿವಿ ಮಡಿಸಿ ಹಿಂದೆ ನೋಡಿದಳು. ನಾನು ಬಯಸಿದ್ದು ಆಗಿತ್ತು. ನಾನು ತೋರಿಸಲು ಹೊರಟಿದ್ದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ ಆಗಿತ್ತು. ಆದರೂ ಆಗಿತ್ತು, ನನಗೆ ಅಷ್ಟು ಸಾಕೆನಿಸಿತು. ತಟ್ಟೆ ಎತ್ತಲು ಕೈ ಹಾಕಿದೆ.

“ಇರು,” ಎಂದಳು ಅಮ್ಮ. “ಮನೇಲಿ ಇನ್ನೊಬ್ರು ಇದಾರಲ್ಲ.”

ಅಪ್ಪನ ಹೆಸರೆಂದುಕೊಂಡೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ನನಗೆ ನಗು ಬಂತು. ಉಳಿದಿದ್ದ ಬತ್ತಿಯನ್ನೇ ಹಚ್ಚಿ, ಚೆಂಬು ಬೋರಲು ಹಾಕಿ, ಹಾಜರಿ ಕೂಗುವವಳ ಹಾಗೆ ನನ್ನ ಹೆಸರು ಹೇಳಿದೆ.

ಹೆಸರಿನ ಕೊನೆಯ ಅಕ್ಷರ ಬಾಯಲ್ಲಿದ್ದಾಗಲೇ ಚೆಂಬು ನೀರು ಎಳೆಯಿತು. ಮಧ್ಯಾಹ್ನ ನಾನು ಕೇಳಿದ್ದ ಸದ್ದಲ್ಲ ಅದು. ಬಾಯಾರಿದವರು ಉಸಿರು ತೆಗೆದುಕೊಳ್ಳದೆ ಕುಡಿಯುವ ಹಾಗಿತ್ತು. ತಟ್ಟೆ ಬರಿದಾಗಿ ಕಂಚಿನ ತಳ ಕಾಣಿಸಿತು. ದೀಪ ಆರಿ ಗಾಳಿ ತಣ್ಣಗಾಗಲು ಸ್ವಲ್ಪವಾದರೂ ಹೊತ್ತು ಬೇಕು. ಆ ಹೊತ್ತು ಅಲ್ಲಿರಲಿಲ್ಲ. ಚೆಂಬನ್ನು ಎತ್ತಿದೆ, ತಟ್ಟೆಯೂ ಜೊತೆಗೇ ಎದ್ದು ಬಂತು. ಅಣ್ಣ ಎರಡೂ ಕೈಯಿಂದ ಎಳೆದ, ಬಿಡಲಿಲ್ಲ.

ಸಾವಿತ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮರುಕದಿಂದ ನನ್ನ ತಲೆ ಸವರಿದಳು. “ಮೂವತ್ತು ಹತ್ರ ಬಂತು. ಮದ್ವೆ ಇಲ್ಲ, ಮಗು ಇಲ್ಲ. ಹೊಟ್ಟೇಲಿ ಆಸೆ ಇರಲ್ವಾ? ದಿನಾ ಸಂಜೆ ಕಣ್ಣು ಕೀಳ್ದೆ ನೋಡ್ತಾ ಕೂರೋಳು. ನನಗೇ ಹೊಳೀಲಿಲ್ಲ ನೋಡು.”

ನಾನು ಶೋಭಾಳ ಕಡೆ ತಿರುಗಿದೆ. ನಾನು ಯಾರಿಗಾಗಿ ನೋಡುತ್ತಿದ್ದೆ ಎಂದು ಅವಳು ಹೇಳುತ್ತಾಳೆಂದು ಕಾದೆ. ಅವಳು ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಚೆಂಬು ತಟ್ಟೆ ಎರಡನ್ನೂ ಅಂಟಿದ ಹಾಗೆಯೇ ಹಿತ್ತಲಿನಲ್ಲಿ ಇಟ್ಟರು. ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಹೋಗಿ ಮುಟ್ಟಿ ನೋಡಿದೆ, ಕಚ್ಚಿಯೇ ಇತ್ತು. ನಾನು ಹೊಸ್ತಿಲು ದಾಟಿದ ಮೇಲೆ ಬಿಟ್ಟುಕೊಂಡಿತಂತೆ. ಅದನ್ನು ನಾನು ನೋಡಿಲ್ಲ, ಅಣ್ಣ ಹೇಳಿದ್ದು.

ಆ ಸಂಜೆ ಮನೆಗೆ ಬಂದಾಗ ಶೋಭಾ ಎಂದಿನ ಜಾಗದಲ್ಲಿ ಕೂತು ಹಾಲು ಕುಡಿಸುತ್ತಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ಸೆರಗೆಳೆದು ಮಗುವಿನ ಮುಖ ಮುಚ್ಚಿದಳು. “ಬೇಜಾರ್ ಮಾಡ್ಕೋಬೇಡ ಕಣೇ,” ಎಂದಳು. “ನೀನೇ ಅಲ್ವಾ ತೋರ್ಸಿದ್ದು.”

ಮಗು ಕಕ್ಕುವುದು ಕಡಿಮೆಯಾಗುತ್ತಾ ಬಂದು ನಿಂತಿತು. ಅದು ಕೂರಲು ಕಲಿತದ್ದೂ ಆಗಲೇ. ಡಾಕ್ಟರು ಹೇಳಿದ್ದು ಅದನ್ನೇ ಎಂದು ನಾನು ಯಾರಿಗೂ ನೆನಪಿಸಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಒಂದು ರೂಮು ಮಾಡಿಕೊಂಡೆ. ಬಸ್ಸಿನ ತೊಂದರೆ ಎಂದು ಕಾರಣ ಕೊಟ್ಟೆ. ಯಾರೂ ಎರಡನೆಯ ಸಲ ಕೇಳಲಿಲ್ಲ.

ರೂಮಿನಲ್ಲಿ ಅಂಥದೇ ಚೆಂಬು, ಅಂಥದೇ ತಟ್ಟೆ ಇಟ್ಟುಕೊಂಡಿದ್ದೇನೆ. ಎಷ್ಟೋ ಸಲ ಮಾಡಿ ನೋಡಿದ್ದೇನೆ. ಅಮ್ಮನ ಹೆಸರಿಗೆ ಕಚ್ಚುತ್ತದೆ, ಅಣ್ಣನ ಹೆಸರಿಗೂ ಶೋಭಾಳ ಹೆಸರಿಗೂ ಕಚ್ಚುತ್ತದೆ, ನನ್ನ ಹೆಸರಿಗೂ ಕಚ್ಚುತ್ತದೆ. ಬತ್ತಿಯನ್ನು ಒದ್ದೆ ಮಾಡಿ, ತಟ್ಟೆಯನ್ನು ಓರೆ ಮಾಡಿ ಕೆಡಿಸಲು ನೋಡಿದ್ದೇನೆ, ಆಗಲೂ ಸ್ವಲ್ಪವಾದರೂ ಎಳೆಯುತ್ತದೆ. ನನ್ನ ಹೆಸರಿಗೆ ಕಚ್ಚಿದ್ದು ನನಗೆ ಅಷ್ಟು ದೊಡ್ಡ ಪ್ರಶ್ನೆಯಲ್ಲ. ಆ ಅಮಾವಾಸ್ಯೆಯ ಸಂಜೆ ಉಳಿದವರ ಹೆಸರಿಗೆ ಏಕೆ ಕಚ್ಚಲಿಲ್ಲ ಎಂಬುದು ಇವತ್ತಿಗೂ ತಿಳಿದಿಲ್ಲ.

ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ಹುಡುಗ ಈಗ ಓಡಾಡುತ್ತಾನೆ, ಮಾತಾಡುತ್ತಾನೆ. ನಾನು ಬಾಗಿಲಿಗೆ ಬಂದ ಕೂಡಲೇ “ಅತ್ತೆ ಬಂತು” ಎಂದು ಕೂಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾನೆ. ಅವನಿಗೆ ಹಾಗೆ ಕಲಿಸಿದ್ದಾರೆ. ಅವನು ಅದನ್ನು ಆಟವೆಂದುಕೊಂಡಿದ್ದಾನೆ. ಸ್ವಲ್ಪ ಹೊತ್ತಿಗೆ ಬೆರಳು ಸರಿಸಿ, ಸಂದಿಯಿಂದ ನನ್ನನ್ನು ನೋಡಿ ನಗಲು ಕಾಯುತ್ತಾನೆ. ಅಷ್ಟರಲ್ಲಿ ನಾನು ಮುಖ ಆಚೆ ತಿರುಗಿಸಿರುತ್ತೇನೆ.